ಉಕ್ಕು, ಕಾಂಕ್ರೀಟು ಮತ್ತು ಫಜ್ಲುರ್ ರಹಮಾನ್ ಖಾನ್

ನನ್ನ ಅಣ್ಣ ಬೆಂಗಳೂರಿನಲ್ಲಿ ಕಟ್ಟಡಗಳ ವೆಲ್ಡರ್. ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವನು; ನನ್ನ ಫೀಸು ಕಟ್ಟುವುದು ಅವನೇ. ರಜೆಯಲ್ಲಿ ಅವನ ಸೈಟಿಗೆ ಹೋಗಿದ್ದೆ. ಉಕ್ಕಿನ ತೊಲೆಗಳ ಮೇಲೆ ದಪ್ಪ ತಲೆಯ ಮೊಳೆಗಳಂಥ ಸ್ಟಡ್‌ಗಳನ್ನು ಸಾಲಾಗಿ ಬೆಸೆಯುತ್ತಿದ್ದ. ಇವು ಯಾಕೆ ಎಂದು ಕೇಳಿದೆ. ಹೇಳಿದಷ್ಟು ಹಾಕುತ್ತೇನೆ, ಯಾಕೆಂದು ಯಾರೂ ಹೇಳಿಲ್ಲ ಎಂದ. ಉತ್ತರ ಹುಡುಕುವಾಗ ನನಗೆ ಪರಿಚಯವಾದವರು ಫಜ್ಲುರ್ ರಹಮಾನ್ ಖಾನ್.

ಅವರು 1929ರ ಏಪ್ರಿಲ್ 3ರಂದು ಅವಿಭಜಿತ ಬಂಗಾಳದಲ್ಲಿ ಹುಟ್ಟಿದರು. ತಂದೆ ಗಣಿತದ ಮೇಷ್ಟ್ರು. ಶಿಬ್‌ಪುರ ಮತ್ತು ಢಾಕಾದಲ್ಲಿ ಇಂಜಿನಿಯರಿಂಗ್ ಓದಿ, 1952ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಸೇರಿದರು. ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಡಾಕ್ಟರೇಟನ್ನೂ ಪಡೆದರು. ಮುಂದೆ ಶಿಕಾಗೋದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಯಲ್ಲಿ ದುಡಿದರು. ಅವರೂ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಅವರೂ ಸೇರಿ ರೂಪಿಸಿದ 110 ಮಹಡಿಗಳ, 442 ಮೀಟರ್ ಎತ್ತರದ ಸಿಯರ್ಸ್ ಟವರ್ ಎರಡು ದಶಕಕ್ಕೂ ಹೆಚ್ಚು ಕಾಲ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು.

ಅದರ ಮಹಡಿಗಳಲ್ಲೇ ನನ್ನ ಪ್ರಶ್ನೆಗೆ ಉತ್ತರವಿತ್ತು. ಎರಡು ಸ್ಕೇಲುಗಳನ್ನು ಒಂದರ ಮೇಲೊಂದಿಟ್ಟು ಬಗ್ಗಿಸಿ ನೋಡಿ. ಅವು ಒಂದರ ಮೇಲೊಂದು ಜಾರುತ್ತವೆ, ಸುಲಭವಾಗಿ ಬಾಗುತ್ತವೆ. ಗಟ್ಟಿಯಾಗಿ ಅಂಟಿಸಿ ಬಗ್ಗಿಸಿ: ಬಿಗಿತ ನಾಲ್ಕು ಪಟ್ಟಾಗುತ್ತದೆ. ಮಹಡಿಯಲ್ಲೂ ಹೀಗೆಯೇ. ಭಾರ ಬಿದ್ದಾಗ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಎಳೆತಕ್ಕೆ ಉಕ್ಕು ಬೇಕು. ಮೇಲಿನ ಕಾಂಕ್ರೀಟು ಹಾಸು ಜಾರದಂತೆ ಹಿಡಿದು, ಎರಡನ್ನೂ ಒಂದೇ ತೊಲೆಯಾಗಿಸುವುದು ಆ ಸ್ಟಡ್‌ಗಳು. ಆಗ ಕಡಿಮೆ ಉಕ್ಕು ಸಾಕು. ಈ ವಿಧಾನ ಖಾನ್ ಅವರಿಗಿಂತ ಮೊದಲೇ ಇತ್ತು. ಸಿಯರ್ಸ್ ಟವರ್‌ನಲ್ಲಿ ಕಾಂಕ್ರೀಟು ಹಾಸಿನೊಂದಿಗೆ ಒಂದಾಗಿ ದುಡಿಯುವ ಉಕ್ಕಿನ ಜಂತಿಗಳು 75 ಅಡಿ ಅಗಲವನ್ನು ನಡುವೆ ಕಂಬವೇ ಇಲ್ಲದೆ ದಾಟುತ್ತವೆ. ಕಂಬಗಳಿಗೆ ಭಾರ ಸಮನಾಗಿ ಹಂಚಿಹೋಗಲೆಂದು ಆರು ಮಹಡಿಗೊಮ್ಮೆ ಜಂತಿಗಳ ದಿಕ್ಕನ್ನೇ ಬದಲಿಸಿದ್ದಾರೆ.

ಹಜ್ ಯಾತ್ರಿಕರು ಬಂದಿಳಿಯುವ ಜಿದ್ದಾ ವಿಮಾನ ನಿಲ್ದಾಣದ ಡೇರೆಯಂಥ ಚಾವಣಿಯ ಹಿಂದೆಯೂ ಖಾನ್ ಅವರ ಲೆಕ್ಕಾಚಾರವಿದೆ. ಅದೇ ಜಿದ್ದಾದಲ್ಲಿ 1982ರ ಮಾರ್ಚ್ 27ರಂದು ಅವರು ತೀರಿಕೊಂಡರು. ಆಗ ಅವರಿಗೆ 52 ವರ್ಷ.

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಒಂದು ಸ್ಟಡ್ ಸರಿಯಾಗಿ ಹಿಡಿಯದಿದ್ದರೆ ಏನಾಗುತ್ತದೆ ಎಂದು ಕೇಳಿದ. ಅದರ ಪಾಲಿನ ಭಾರವನ್ನು ಪಕ್ಕದವು ಹೊರಬೇಕಾಗುತ್ತದೆ ಎಂದೆ. ಮರುದಿನದಿಂದ ಪ್ರತಿಯೊಂದನ್ನೂ ಬೆಸೆದ ಮೇಲೆ ಇನ್ನೊಮ್ಮೆ ನೋಡುತ್ತಿದ್ದಾನಂತೆ.