ಇಂದಿನ ಧಮ್ಮ ಚಿಂತನೆ: ಭದ್ದಿಯರು ಒಪ್ಪಿಸಿದ ರಾಜ್ಯ





ಅಧಿಕಾರ ಬಿಡುವುದನ್ನು ನಾವು ಪದತ್ಯಾಗ ಎನ್ನುತ್ತೇವೆ, ರಾಜೀನಾಮೆ ಎನ್ನುತ್ತೇವೆ. ರಾಜೀನಾಮೆಯಲ್ಲಿ ರಾಜನಿಲ್ಲ, ಅದು ಪಾರಸಿಯಿಂದ ಬಂದದ್ದು, ಒಪ್ಪಿಗೆ ಪತ್ರವೆಂದು ಅದರ ಮೂಲಾರ್ಥ. ವಿನಯ ಪಿಟಕದ ಚುಲ್ಲವಗ್ಗದಲ್ಲಿ ಭದ್ದಿಯ ಥೇರರ ಕಥೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ಪಾಲಿ ಮಾತು ಬೇರೆ: *ನಿಯ್ಯಾದೇತಿ*. ಅಂದರೆ ಒಪ್ಪಿಸಿಕೊಡುವುದು.

ಭದ್ದಿಯರು ಕಾಳಿಗೋಧೆಯ ಮಗ, ಶಾಕ್ಯರ ರಾಜ. ಗೆಳೆಯ ಅನುರುದ್ಧನಿಗೆ ಪಬ್ಬಜ್ಜೆಯ ಆಸೆ. ಭದ್ದಿಯ ಹೊರಟರೆ ನೀನೂ ಹೋಗು ಎಂದಳು ಅವನ ತಾಯಿ. ರಾಜನಾದವನು ಗದ್ದುಗೆ ಬಿಡಲಾರ ಎಂಬುದು ಅವಳ ಲೆಕ್ಕ.

ಭದ್ದಿಯರು ಮೊದಲು ಕೇಳಿದ್ದು ಏಳು ವರ್ಷ. ಅನುರುದ್ಧ ಬಿಡಲಿಲ್ಲ. ವರ್ಷ ತಿಂಗಳಾಗಿ, ತಿಂಗಳು ಪಕ್ಷವಾಗಿ, ಕೊನೆಗೆ ಏಳು ದಿನಕ್ಕೆ ನಿಂತಿತು. ಆ ಏಳು ದಿನ ಮಕ್ಕಳಿಗೂ ಸೋದರರಿಗೂ ರಾಜ್ಯ ಒಪ್ಪಿಸುವುದಕ್ಕೆ. ನಡುರಾತ್ರಿ ಎಸೆದು ಓಡಿದ್ದಲ್ಲ, ವಾರಸುದಾರರ ಕೈಗಿಟ್ಟು ಹೊರಟದ್ದು.

ಆನಂದ, ದೇವದತ್ತ ಮೊದಲಾದವರೂ ಜೊತೆಯಾದರು. ಉದ್ಯಾನಕ್ಕೆ ಹೊರಟವರಂತೆ ಸೈನ್ಯದೊಡನೆ ಹೋಗಿ, ದೂರದಲ್ಲಿ ಅದನ್ನು ಹಿಂದೆ ಕಳಿಸಿ, ಒಡವೆ ಕಳಚಿದರು. ಮಲ್ಲರ ಅನುಪಿಯದಲ್ಲಿ ಭಗವಾನರನ್ನು ಕಂಡು, ಕ್ಷೌರಿಕ ಉಪಾಲಿಗೇ ಮೊದಲು ಪಬ್ಬಜ್ಜೆ ಕೊಡಬೇಕೆಂದು ಬೇಡಿಕೊಂಡರು. ತಾವು ಅವನಿಗೆ ವಂದಿಸಬೇಕು, ಶಾಕ್ಯರ ಅಹಂಕಾರ ಇಳಿಯಬೇಕು ಎಂದು.

ಮುಂದೆ ಭದ್ದಿಯರು ಕಾಡಿನಲ್ಲಿ, ಮರದ ಬುಡದಲ್ಲಿ, ಎಂಥ ಸುಖವೆಂದು ಮತ್ತೆ ಮತ್ತೆ ಉದ್ಗರಿಸುತ್ತಿದ್ದರು. ಅರಮನೆಯ ಸುಖ ನೆನಪಾಗುತ್ತಿದೆ ಎಂದು ಭಿಕ್ಖುಗಳು ಸಂಶಯಪಟ್ಟರು. ಭಗವಾನರು ಕರೆದು ಕೇಳಿದಾಗ ಭದ್ದಿಯರು ಹೇಳಿದ್ದಿಷ್ಟು: ರಾಜನಾಗಿದ್ದಾಗ ಅರಮನೆಯ ಒಳಗೂ ಹೊರಗೂ, ನಗರಕ್ಕೂ ನಾಡಿಗೂ ಕಾವಲಿತ್ತು, ಆದರೂ ಹೆದರಿಕೊಂಡೇ ಬದುಕಿದ್ದೆ. ಈಗ ಒಬ್ಬನೇ ಇದ್ದೇನೆ, ಭಯವಿಲ್ಲ.

ರಾಜ್ಯ ಒಪ್ಪಿಸಲು ಏಳು ದಿನ ಸಾಕಾಯಿತು. ಅಹಂಕಾರ ಇಳಿಯಲು ಉಪಾಲಿಗೆ ತಲೆಬಾಗಬೇಕಾಯಿತು. ಭಯ ಹೋದದ್ದು ಅದಾದ ಮೇಲೆ, ಸಾಧನೆಯಿಂದ.

ಮುಂದಿನ ತಿಂಗಳು ನಾನು ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಸ್ಥಾನ ಬಿಡುತ್ತಿದ್ದೇನೆ. ಬೀಗದ ಕೈ, ಲೆಕ್ಕದ ಪುಸ್ತಕ ಒಂದೇ ದಿನದಲ್ಲಿ ಒಪ್ಪಿಸಬಹುದು. ಆದರೆ ಕೆಲಸ ಕಲಿಸಿದ ಹುಡುಗನೇ ನಾಳೆ ನನ್ನನ್ನು ಕೇಳದೆ ತೀರ್ಮಾನ ಮಾಡುವಾಗ, ಸಭೆಯ ಹಿಂದಿನ ಸಾಲಿನಲ್ಲಿ ಕೂತು ಸಂತೋಷಪಡಬಲ್ಲೆನೇ? ನನ್ನ ನಿಜವಾದ ರಾಜೀನಾಮೆ ಅಲ್ಲಿದೆ.

ಇಂದು ಧ್ಯಾನಕ್ಕೆ ಕೂತಾಗ ಕೇಳಿಕೊಳ್ಳೋಣ: ನಾನು ಒಪ್ಪಿಸಿಯೂ ಹಿಡಿದುಕೊಂಡಿರುವುದು ಯಾವುದು?

ಭವತು ಸಬ್ಬ ಮಂಗಲಂ 🪷