ಗ್ಲಾಸ್ಟರ್ ಪಟ್ಟಣದ ಅಚ್ಚುಕೂಟದ ಯಜಮಾನನು

ದೇವರ ಸೇವೆಯೆಂಬದು ಮನೆಮಾರು ಬಿಟ್ಟು ದೂರದೇಶಕ್ಕೆ ಹೋದವರ ಪಾಲಿನ ಕೆಲಸವೆಂದು ನಮ್ಮಲ್ಲಿ ಕೆಲವರು ನೆನಸುವದುಂಟು. ಹೆಂಡತಿ ಮಕ್ಕಳ ಚಿಂತೆ, ಅಂಗಡಿಯ ಲೆಕ್ಕ, ಹೊಲದ ದುಡಿಮೆ ಇವುಗಳಲ್ಲಿ ಸಿಕ್ಕಿಕೊಂಡಿರುವ ನಮ್ಮಿಂದ ಏನಾದೀತೆಂದು ಹಿಂಜರಿಯುತ್ತೇವೆ. ಹಾಗೆ ಹಿಂಜರಿಯುವವರಿಗಾಗಿ ರಾಬರ್ಟ್ ರೇಕ್ಸ್ ಎಂಬ ಗೃಹಸ್ಥನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಈತನು ಇಂಗ್ಲೆಂಡ್ ದೇಶದ ಗ್ಲಾಸ್ಟರ್ ಪಟ್ಟಣದಲ್ಲಿ 1736ನೇ ಇಸವಿಯಲ್ಲಿ ಹುಟ್ಟಿದನು. ತಂದೆಯು ಅಲ್ಲಿ ಅಚ್ಚುಕೂಟವನ್ನಿಟ್ಟು, 1722ರಿಂದ ‘ಗ್ಲಾಸ್ಟರ್ ಜರ್ನಲ್’ ಎಂಬ ವಾರಪತ್ರಿಕೆಯನ್ನು ಹೊರಡಿಸುತ್ತಿದ್ದನು. 1757ರಲ್ಲಿ ತಂದೆಯು ತೀರಿಕೊಂಡಾಗ ಮಗನಿಗೆ ಇಪ್ಪತ್ತೊಂದು ವರುಷ ತುಂಬುವದರಲ್ಲಿತ್ತು. ಅಚ್ಚುಕೂಟವೂ ಪತ್ರಿಕೆಯೂ ವಿಧವೆಯಾದ ತಾಯಿಯ ಸಂರಕ್ಷಣೆಯೂ ಒಮ್ಮೆಲೇ ಆ ಯೌವನಸ್ಥನ ಹೆಗಲಿಗೆ ಬಂದವು. ಆತನು ಹಿಂದೆಗೆಯದೆ ಆ ಭಾರವನ್ನು ಹೊತ್ತನು. 1767ರಲ್ಲಿ ಆನ್ ಟ್ರಿಗ್ ಎಂಬವಳನ್ನು ಮದುವೆಯಾದನು. ಕಾಲಕ್ರಮದಲ್ಲಿ ಆ ಮನೆಯು ಗಂಡುಹೆಣ್ಣು ಮಕ್ಕಳಿಂದ ತುಂಬಿತು.

ಆ ದಿವಸಗಳಲ್ಲಿ ಪಟ್ಟಣದ ಸೆರೆಮನೆಯ ಸ್ಥಿತಿಯು ಘೋರವಾಗಿತ್ತು. ಸಾಲ ತೀರಿಸಲಾರದ ಬಡವರೂ ಕಳ್ಳರೂ ಒಟ್ಟಿಗೆ ಕೂಡಿಹಾಕಲ್ಪಟ್ಟಿದ್ದರು. ರೇಕ್ಸನು ಅವರ ಕಷ್ಟವನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿ, ಹಣವನ್ನು ಕೂಡಿಸಿ, ಹಸಿದವರಿಗೆ ಆಹಾರವನ್ನು ಒದಗಿಸಿದನು. ಓದಬಲ್ಲ ಸೆರೆಯವರಿಗೆ ಕೂಲಿ ಕೊಟ್ಟು, ಓದಲಾರದವರಿಗೆ ಕಲಿಸುವಂತೆ ಮಾಡಿದನು. ಹೀಗೆ ಅನೇಕ ವರುಷ ಪ್ರಯಾಸಪಟ್ಟರೂ, ಬಿಡುಗಡೆ ಹೊಂದಿದವರಲ್ಲಿ ಬಹಳ ಮಂದಿ ಪುನಃ ಅದೇ ಬಾಗಲಿಗೆ ಬಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಆತನು ಕೇಳಿರಲಿಲ್ಲ. ಅದರ ಸತ್ಯವನ್ನಾದರೋ ದುಃಖದಿಂದ ಕಲಿತನು.

ಗ್ಲಾಸ್ಟರಿನಲ್ಲಿ ಆಗ ಗುಂಡುಸೂಜಿ ಮಾಡುವ ಕಾರ್ಖಾನೆಗಳಿದ್ದವು. ಬಡವರ ಮಕ್ಕಳು ವಾರದ ಆರು ದಿನ ಅಲ್ಲಿ ದುಡಿದು, ಆದಿತ್ಯವಾರ ಕೇಳುವವರಿಲ್ಲದೆ ಬೀದಿಗಳಲ್ಲಿ ಬೈಗಳು, ಜೂಜು, ಹೊಡೆದಾಟಗಳಲ್ಲಿ ಕಾಲ ಕಳೆಯುತ್ತಿದ್ದರು. ಮುಂದೆ ಸೆರೆಮನೆಗೆ ಹೋಗುವವರು ಇವರೇ ಎಂದು ರೇಕ್ಸನಿಗೆ ತೋಚಿತು. ಆದಕಾರಣ 1780ರಲ್ಲಿ ಥಾಮಸ್ ಸ್ಟಾಕ್ ಎಂಬ ಸಭಾಪಾಲಕನ ಸಹಾಯದಿಂದ, ದಿನಕ್ಕೆ ಒಂದು ಶಿಲಿಂಗ್ ಸಂಬಳಕ್ಕೆ ಕೆಲವು ಸ್ತ್ರೀಯರನ್ನು ನೇಮಿಸಿ, ಆದಿತ್ಯವಾರದ ಶಾಲೆಯನ್ನು ತೆರೆದನು. ಬಟ್ಟೆ ಹರಿದಿದ್ದರೂ ಅಡ್ಡಿಯಿರಲಿಲ್ಲ. ಕೈ ಮುಖ ತೊಳೆದು ತಲೆ ಬಾಚಿಕೊಂಡು ಬಂದರೆ ಸಾಕಾಗಿತ್ತು. ಬೆಳಿಗ್ಗೆ ಓದು, ಮಧ್ಯಾಹ್ನ ದೇವಾಲಯ, ಸಾಯಂಕಾಲದ ವರೆಗೆ ಪ್ರಶ್ನೋತ್ತರ, ಇದೇ ಅಲ್ಲಿಯ ಕ್ರಮ.

ಜನರು ನಕ್ಕರು. ಚಿಂದಿಯುಟ್ಟ ಹುಡುಗರ ಮುಂದೆ ನಡೆಯುವ ಈ ಯಜಮಾನನಿಗೆ ಕಾಡುಬಾತೆಂಬ ಅಡ್ಡಹೆಸರಿಟ್ಟರು. ಬಡವರು ಓದು ಕಲಿತರೆ ಗರ್ವಿಷ್ಠರಾಗುವರೆಂದು ಕೆಲವರೂ, ಇದರಿಂದ ವಿಶ್ರಾಂತಿ ದಿನವು ಕೆಡುವದೆಂದು ಬೇರೆ ಕೆಲವರೂ ಆಕ್ಷೇಪಿಸಿದರು. ಆತನು ವಾದಕ್ಕೆ ನಿಲ್ಲದೆ ಮೂರು ವರುಷ ಸುಮ್ಮನೆ ಕೆಲಸವನ್ನು ಪರೀಕ್ಷಿಸಿ ನೋಡಿದನು. ಮಕ್ಕಳ ನಡತೆಯಲ್ಲಿ ಫಲ ಕಂಡುಬಂದ ಮೇಲೆಯೇ, 1783ರ ನವೆಂಬರ್ 3ರಂದು, ಅದರ ವರ್ತಮಾನವನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿದನು. ಒಳ್ಳೇ ಉಡುಪನ್ನೂ ಹೊಗಳಿಕೆಯನ್ನೂ ಮೆಚ್ಚುವ ಬಲಹೀನತೆ ಈತನಲ್ಲಿತ್ತೆಂದು ಕಂಡವರು ಬರೆದಿಟ್ಟಿದ್ದಾರೆ. ಆದರೂ ಪತ್ರಿಕೆಯು ತನ್ನದೇ, ಅಚ್ಚುಮೊಳೆಗಳು ತನ್ನವೇ ಆಗಿರಲಾಗಿ, ಆ ವರ್ತಮಾನದಲ್ಲಿ ತನ್ನ ಹೆಸರನ್ನು ಹಾಕಲಿಲ್ಲ. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಇಂಥ ಶಾಲೆಗಳನ್ನು ಈತನೇ ಮೊದಲು ನಡಿಸಿದನೆಂದು ಹೇಳಲಾಗದು. 1769ರಲ್ಲಿಯೇ ಹ್ಯಾನಾ ಬಾಲ್ ಎಂಬ ಸ್ತ್ರೀಯು ಹೈ ವಿಕಂಬ್ ಎಂಬ ಊರಲ್ಲಿ ನಡಿಸಿದ್ದಳು. ಆದರೆ ರೇಕ್ಸನ ಪತ್ರಿಕೆಯ ಮೂಲಕ ಸುದ್ದಿಯು ಇತರ ಪತ್ರಿಕೆಗಳಿಗೂ ಊರೂರಿಗೂ ಹಬ್ಬಿತು. 1785ರಲ್ಲಿ ಲಂಡನಿನಲ್ಲಿ ಇದಕ್ಕಾಗಿಯೇ ಒಂದು ಸಂಘವು ಹುಟ್ಟಿತು. 1831ರೊಳಗೆ ಬ್ರಿಟನಿನಲ್ಲಿ ಸುಮಾರು 12,50,000 ಮಕ್ಕಳು ಆದಿತ್ಯವಾರ ಕಲಿಯುತ್ತಿದ್ದರು. ಹೀಗೆ ಹೊಟ್ಟೆಪಾಡಿನ ಕಸುಬೇ ಕೃಪೆಯ ಉಪಕರಣವಾಯಿತು.

ರೇಕ್ಸನು 1802ರಲ್ಲಿ ವ್ಯಾಪಾರದಿಂದ ವಿಶ್ರಮಿಸಿ, 1811ರ ಏಪ್ರಿಲ್ 5ರಂದು ಸ್ವಂತ ಊರಿನಲ್ಲಿಯೇ ಮೃತನಾದನು. ಶಿಶುವಾಗಿ ದೀಕ್ಷಾಸ್ನಾನ ಹೊಂದಿದ ದೇವಾಲಯದಲ್ಲಿಯೇ ಆತನನ್ನು ಸಮಾಧಿಮಾಡಿದರು. ಆತನ ಅಪೇಕ್ಷೆಯಂತೆ ಶಾಲೆಯ ಮಕ್ಕಳು ಹಿಂಬಾಲಿಸಿದರು. ಒಬ್ಬೊಬ್ಬರಿಗೆ ಒಂದು ಶಿಲಿಂಗ್ ನಾಣ್ಯವೂ ಒಣದ್ರಾಕ್ಷಿಯ ಸಿಹಿರೊಟ್ಟಿಯೂ ಕೊಡಲ್ಪಟ್ಟವು. ಮಕ್ಕಳೊಂದಿಗನು ಮಕ್ಕಳ ಹಸಿವನ್ನು ಮರಣದಲ್ಲಿಯೂ ಮರೆಯಲಿಲ್ಲ.

ಪ್ರಿಯರೇ, ಈತನು ಊರು ಬಿಡಲಿಲ್ಲ, ಕಸುಬು ಬಿಡಲಿಲ್ಲ, ಹೆಂಡತಿಮಕ್ಕಳನ್ನು ಅಲಕ್ಷ್ಯಮಾಡಲಿಲ್ಲ. ತನ್ನ ಮನೆಬಾಗಲಿನ ಎದುರಿಗೆ ಕಂಡದ್ದನ್ನು ಕಾಣದವನಂತೆ ದಾಟಿಹೋಗಲಿಲ್ಲ, ಅಷ್ಟೇ. ನಮ್ಮ ಕೇರಿಯಲ್ಲಿ ಕೇಳುವವರಿಲ್ಲದೆ ಅಲೆಯುವ ಮಗು ಯಾವದೆಂದು ನಾವು ಒಬ್ಬೊಬ್ಬರೂ ನೋಡಿಕೊಳ್ಳೋಣ.