ಮೂರು ಬಂಡೆಗಳ ಸಂದೇಶ ಓದಿದ ರೈಸ್

ಮಕ್ಕಳೇ, ಶಾಲೆಯ ಕಂಪ್ಯೂಟರಿಗೆ ದೊಡ್ಡ ಕಡತವೊಂದನ್ನು ಇಳಿಸಿಕೊಳ್ಳುವುದನ್ನು ನೀವು ನೋಡಿದ್ದೀರಾ? ನಾಲ್ಕು ಸಾಲಿನ ಸಂದೇಶ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ನೂರಾರು ಪುಟಗಳ ಪುಸ್ತಕವೋ ಅರ್ಧಕ್ಕೆ ಬಂದು ನಿಂತೇ ಬಿಡುತ್ತದೆ. ಜಾಲ ಕೆಟ್ಟಿದ್ದರೆ ಚಿಕ್ಕದೂ ಬರಬಾರದಿತ್ತಲ್ಲವೇ?

ಕಡತ ಇಡಿಯಾಗಿ ಬರುವುದಿಲ್ಲ. ಅದನ್ನು ಪ್ಯಾಕೆಟ್ ಎಂಬ ತುಣುಕುಗಳಾಗಿ ಮಾಡಿ ಕಳಿಸುತ್ತಾರೆ. ಒಂದು ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್ ಹಿಡಿಸುತ್ತದೆ. 15 ಕೋಟಿ ಬೈಟ್‌ಗಳ ಪುಸ್ತಕವೆಂದರೆ ಸುಮಾರು ಒಂದು ಲಕ್ಷ ಪ್ಯಾಕೆಟ್! ಸಾವಿರಕ್ಕೆ ಒಂದು ದಾರಿ ತಪ್ಪಿದರೂ ನೂರು ಪ್ಯಾಕೆಟ್‌ಗಳನ್ನು ಮತ್ತೆ ಕಳಿಸಬೇಕು. ಚಿಕ್ಕ ಸಂದೇಶಕ್ಕೆ ಒಂದೆರಡು ಪ್ಯಾಕೆಟ್ ಸಾಕು, ಅದು ಪಾರಾಗುತ್ತದೆ. ಕಳೆದುಹೋಗುವ ಪ್ಯಾಕೆಟ್‌ಗಳು ಬಹಳವಾದರೆ ಸರ್ವರ್ ಕಾದು ಕಾದು ಕೈಬಿಡುತ್ತದೆ.

ಆಗ ತಿಳಿದವರು ಮೊದಲು ಕೇಳುವ ಪ್ರಶ್ನೆ, ತೊಂದರೆ ಎಲ್ಲಿ ಎಂಬುದು. ಕಳಿಸುವ ಸರ್ವರ್‌ನಲ್ಲೋ, ದಾರಿಯಲ್ಲೋ, ನಮ್ಮ ಕಂಪ್ಯೂಟರಿನಲ್ಲೋ? ಅದೇ ಕಡತವನ್ನು ಪಕ್ಕದ ಕಂಪ್ಯೂಟರಿಗೆ ತರಿಸಿ ನೋಡುತ್ತಾರೆ. ಅಲ್ಲಿ ಸರಿಯಾಗಿ ಬಂದರೆ ದೋಷ ನಮ್ಮಲ್ಲೇ ಇರಬೇಕು. ಡಿಸ್ಕ್ ತುಂಬಿರಬಹುದು, ಕೇಬಲ್ ಸಡಿಲವಾಗಿರಬಹುದು. ಎರಡರಲ್ಲೂ ಒಂದೇ ಜಾಗಕ್ಕೆ ನಿಂತರೆ ದಾರಿಯನ್ನೋ ಸರ್ವರನ್ನೋ ಪರೀಕ್ಷಿಸಬೇಕು.

ಕಂಪ್ಯೂಟರ್ ಹುಟ್ಟುವ ಮೊದಲೇ ಇಂಥ ಕೆಲಸ ಮಾಡಬೇಕಾಗಿ ಬಂದ ಒಬ್ಬರ ಕಥೆ ಕೇಳಿ. ಅವರ ಮುಂದಿದ್ದ ಸಂದೇಶ ಹೊರಟು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಅದು ಬಂದು ತಲುಪಿದ್ದು ನಮ್ಮ ಮೊಳಕಾಲ್ಮೂರಿಗೆ!

ಅವರ ಹೆಸರು ಬೆಂಜಮಿನ್ ಲೂಯಿಸ್ ರೈಸ್. ಎಲ್ಲರೂ ಬಿ.ಎಲ್. ರೈಸ್ ಎನ್ನುತ್ತಾರೆ. ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಕ್ರೈಸ್ತ ಮಿಷನರಿ. ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿಗೆ ಹೋದ ರೈಸ್ 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. 1865ರಲ್ಲಿ ಅವರು ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಹೋಬಳಿಗೊಂದು ಶಾಲೆ ಇರಬೇಕೆಂಬ 1868ರ ಯೋಜನೆಯೂ ಅವರದೇ. ಹಳ್ಳಿಯ ಮಕ್ಕಳಿಗೆ ಅವರು ಮಾಡಿದ ಈ ಉಪಕಾರ ಶಾಸನಗಳ ಕೆಲಸದಷ್ಟು ಹೆಸರಾಗಿಲ್ಲ, ಆಗಬೇಕಿತ್ತು.

ಶಾಲೆ ನೋಡಲು ಊರೂರು ಸುತ್ತುವಾಗ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಕಾಣುತ್ತಿದ್ದವು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಅಂಥ ಕೆಲವು ಕಲ್ಲುಗಳ ಫೋಟೋ ತೆಗೆದಿದ್ದರು. ಅವುಗಳನ್ನು ಓದಿ, ಅನುವಾದಿಸಿ ರೈಸ್ 1879ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಆದರೆ ಫೋಟೋದಲ್ಲಿ ಸವೆದ ಅಕ್ಷರ ಸರಿಯಾಗಿ ಕಾಣದು. ಕಲ್ಲಿನ ಬಳಿಗೇ ಹೋಗಬೇಕು. ಶಾಸನತಜ್ಞರು ತೇವದ ಕಾಗದವನ್ನು ಕಲ್ಲಿಗೆ ಒತ್ತಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟುತ್ತಾರೆ. ಕೆತ್ತಿದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಕಣ್ಣಿನಿಂದ ನೋಡಿ ಬರೆದುಕೊಳ್ಳುವಾಗ ಆಗುವ ತಪ್ಪು ಇದರಲ್ಲಿ ಬಹಳ ಕಡಿಮೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆಯಲ್ಲ, ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುವ ಜಾಗ? ಚಳ್ಳಕೆರೆಯಿಂದ ಉತ್ತರಕ್ಕೆ ಹೋದರೆ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಜಾಗಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. 1892ರಲ್ಲಿ ರೈಸ್ ಈ ಮೂರು ಕಡೆಯೂ ಅಶೋಕನ ಶಾಸನಗಳನ್ನು ಪತ್ತೆಮಾಡಿದರು. ಬ್ರಹ್ಮಗಿರಿಯ ಬಂಡೆಗೆ ಊರವರು ಅಕ್ಷರಗುಂಡು ಎಂದು ಹೆಸರಿಟ್ಟಿದ್ದರು. ಅಕ್ಷರ ಇದೆಯೆಂಬುದು ಅವರಿಗೆ ಗೊತ್ತಿತ್ತು, ಓದಬಲ್ಲವರು ಮಾತ್ರ ಇರಲಿಲ್ಲ! ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಮರೆತುಹೋಗಿದ್ದ ಬ್ರಾಹ್ಮಿಯನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿ ಓದಿದ್ದು 1837ರಲ್ಲಿ, ಅಂದರೆ ರೈಸ್ ಹುಟ್ಟಿದ ವರ್ಷವೇ. ಕೀಲಿಕೈ ಸಿದ್ಧವಿತ್ತು ಎನ್ನಿ.

ಸಂದೇಶದ ಆರಂಭದಲ್ಲೇ ವಿಳಾಸವಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ರಾಜನ ಮಾತನ್ನು ತಿಳಿಸುತ್ತಾರೆ. ಇಂದಿನ ಪ್ಯಾಕೆಟ್‌ನ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ ಇರುತ್ತದೆ. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬುದು ಸಂದೇಶದ ಒಂದು ಭಾಗ. ಅದರಲ್ಲಿ 256 ಎಂಬ ಸಂಖ್ಯೆಯೂ ಇದೆ. ಆಗ ಸೊನ್ನೆಯಿಟ್ಟು ಬರೆಯುವ ಪದ್ಧತಿ ಇರಲಿಲ್ಲ. 200, 50, 6 ಎಂದು ಬೇರೆ ಬೇರೆ ಗುರುತು ಹಾಕುತ್ತಿದ್ದರು. (ಒಂದು ಬೈಟ್‌ನಲ್ಲಿ ಬರೆಯಬಹುದಾದ ಬೇರೆ ಬೇರೆ ಬೆಲೆಗಳೂ 256. ಇದು ಬರೀ ಕಾಕತಾಳೀಯ, ಆದರೂ ತಮಾಷೆಯಲ್ಲವೇ?) ಕೊನೆಯಲ್ಲಿ ಬರೆದವನ ಹೆಸರು: ಚಪಡ. ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಬರೆದ. ಅದು ವಾಯವ್ಯ ಭಾರತದ ಲಿಪಿ. ಅವನ ನಂಟು ಅಷ್ಟು ದೂರದ ನಾಡಿನದು!

ಮೂರೂ ಪ್ರತಿಗಳು ಒಂದೇ ಸ್ಥಿತಿಯಲ್ಲಿರಲಿಲ್ಲ. ಜಟಿಂಗ ರಾಮೇಶ್ವರದ ಶಾಸನ ಬೆಟ್ಟದ ಮೇಲೆ ಬಂಡೆಯ ಹಾಸಿನಲ್ಲಿದೆ. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹಾಕುತ್ತಿದ್ದುದರಿಂದ ಅದಕ್ಕೆ ಬಳೆಗಾರ ಗುಂಡು ಎಂಬ ಹೆಸರು. ಅಲ್ಲಿ ಅಕ್ಷರಗಳು ಬಹಳ ಸವೆದಿವೆ. ಅದೊಂದೇ ಉಳಿದಿದ್ದರೆ ಸಂದೇಶ ನಮಗೆ ಪೂರ್ತಿ ಸಿಗುತ್ತಲೇ ಇರಲಿಲ್ಲ.

ಈಗ ಪಕ್ಕದ ಕಂಪ್ಯೂಟರಿನ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಒಂದು ಬಂಡೆಯಲ್ಲಿ ಅಕ್ಷರ ಇಲ್ಲ, ಉಳಿದೆರಡರಲ್ಲಿ ಇದೆ. ಹಾಗಾದರೆ ನಷ್ಟವಾದದ್ದು ಆ ಬಂಡೆಯಲ್ಲಿ. ಮಳೆ, ಬಿಸಿಲು, ಕಾಲ್ತುಳಿತ ಯಾವುದೂ ಕಾರಣವಾಗಿರಬಹುದು. ಮೂರರಲ್ಲೂ ಒಂದೇ ವಿಷಯ ಇಲ್ಲದಿದ್ದರೆ? ಆಗ ಬಂಡೆಯನ್ನು ದೂರಿ ಫಲವಿಲ್ಲ. ಅದು ಕಳಿಸಿದ ಪ್ರತಿಯಲ್ಲೇ ಇರಲಿಲ್ಲ. ಜರ್ಮನ್ ಮೂಲದ ವಿದ್ವಾಂಸ ಬ್ಯೂಲರ್ ಈ ಮೂರು ಪಾಠಗಳನ್ನೂ ಉತ್ತರ ಭಾರತದಲ್ಲಿ ಮೊದಲೇ ಸಿಕ್ಕಿದ್ದ ಪ್ರತಿಗಳನ್ನೂ ತಾಳೆ ನೋಡಿದರು. ಉತ್ತರದಲ್ಲಿ ಇಲ್ಲದ ಒಂದು ಭಾಗ ನಮ್ಮ ಮೂರರಲ್ಲೂ ಇತ್ತು. ಗುರುಶಿಷ್ಯರ ಮಾತು ಬರುವುದು ಆ ಭಾಗದಲ್ಲೇ.

ಮೂರರಲ್ಲೂ ಇಲ್ಲದ ಒಂದು ಸಂಗತಿ ಎಲ್ಲರನ್ನೂ ಕಾಡಿತು. ಅದು ಅಶೋಕ ಎಂಬ ಹೆಸರು! ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಅಲ್ಲಿದೆ. ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಮೇಲೆ, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿತು. ಕಳಿಸಿದವನ ಹೆಸರು ಇನ್ನೊಂದು ದಾರಿಯಿಂದ ಬಂದು ತಲುಪಿತ್ತು.

ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ಮೊದಲ ಸಂಪುಟ 1886ರಲ್ಲಿ ಬಂತು. ಒಟ್ಟು 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳಿವೆ. ಚಿತ್ರದುರ್ಗ ಜಿಲ್ಲೆಯದು 11ನೆಯ ಸಂಪುಟ. ಇಷ್ಟು ದೊಡ್ಡ ಕೆಲಸದಲ್ಲಿ ಓದಿನ ತಪ್ಪುಗಳು ಉಳಿಯದಿರಲು ಸಾಧ್ಯವೇ? ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ರೈಸ್ 1927ರಲ್ಲಿ ತೀರಿಕೊಂಡರು. ಅವರ ಸಂಪುಟಗಳು ಇಂದು ಕಂಪ್ಯೂಟರ್ ಕಡತಗಳಾಗಿಯೂ ಸಿಗುತ್ತವೆ, ಅವೂ ಭಾರೀ ಗಾತ್ರದವೇ.

ನೀವೇ ಮಾಡಿ ನೋಡಿ: ಮೂವರು ಗೆಳೆಯರನ್ನು ಬೇರೆ ಬೇರೆ ಮೂಲೆಯಲ್ಲಿ ಕೂರಿಸಿ. ಒಬ್ಬರು ಪಾಠದ ಹತ್ತು ಸಾಲುಗಳನ್ನು ಒಂದೇ ಸಲ ಓದಲಿ, ಪ್ರತಿ ಸಾಲಿನ ಕೊನೆಗೆ ಅದರಲ್ಲಿರುವ ಅಕ್ಷರಗಳ ಸಂಖ್ಯೆಯನ್ನೂ ಹೇಳಲಿ. ಉಳಿದವರು ಗದ್ದಲ ಮಾಡುತ್ತಿರಲಿ! ಮೂವರೂ ಬರೆದುಕೊಂಡ ಮೇಲೆ ಮೊದಲು ಸಂಖ್ಯೆ ತಾಳೆಯಾಗದ ಸಾಲುಗಳಿಗೆ ಗುರುತು ಹಾಕಿ. ಕಂಪ್ಯೂಟರ್ ಕೂಡ ಚೆಕ್‌ಸಮ್ ಎಂಬ ಇಂಥದೇ ಲೆಕ್ಕದಿಂದ ಕೆಟ್ಟ ಪ್ಯಾಕೆಟ್‌ಗಳನ್ನು ಗುರುತಿಸುತ್ತದೆ. ಆಮೇಲೆ ಪುಸ್ತಕ ತೆರೆಯದೆ, ಮೂರು ಪ್ರತಿಗಳನ್ನಷ್ಟೇ ಪಕ್ಕಪಕ್ಕದಲ್ಲಿಟ್ಟು ಸರಿಯಾದ ಪಾಠವನ್ನು ಬರೆಯಿರಿ. ಮೂರರಲ್ಲೂ ಸಿಗದ ಪದವಿದ್ದರೆ ಊಹಿಸಿ ತುಂಬಬೇಡಿ, ಅಲ್ಲಿ ಚುಕ್ಕಿಗಳನ್ನಿಡಿ.